ಎಂಟನೇ ನಂಬರಿನ ಅಂಗಿ, ನನ್ನ ಬೆನ್ನು

ಬ್ಯಾನಿ ಬಿದ್ದು ಎದ್ದವರು ಬರದದ್ದನ್ನ ನಾ ಹೊರಸಿನ ಮ್ಯಾಲ ಮಲಕೊಂಡು ಬೇಕಾದಷ್ಟು ಓದೀನಿ. ಎಲ್ಲಾರೂ ಕಡೀಕ ಶಾಂತ ಆಗ್ತಾರ. ಜೀವನದ ಬೆಲಿ ತಿಳೀತು ಅಂತಾರ, ಮುಂಜಾನಿ ಬಿಸಲು ಕಂಡ್ರೂ ಕೈ ಮುಗೀತಾರ. ನನಗ ಹಂಗೇನೂ ಆಗಲಿಲ್ಲ. ನನಗ ಹೊಟ್ಟಿಕಿಚ್ಚು ಆತು. ಬೆನ್ನಾಗ ಕ್ಷಯ, ಹೊಟ್ಟ್ಯಾಗ ಕಿಚ್ಚು, ಎರಡೂ ಕೂಡೇ ಬಂದು ಕೂಡೇ ಸಂಸಾರ ಮಾಡಿದ್ವು. ಬೆನ್ನಿಂದು ಗುಳಿಗಿಲೆ ಹೋತು. ಹೊಟ್ಟಿಂದಕ್ಕ ಸರಕಾರ ಇನ್ನೂ ಗುಳಿಗಿ ಕೊಟ್ಟಿಲ್ಲ. ನಿಮ್ಮೊಳಗ ಯಾರಾದ್ರೂ ಹಾಸಗಿ ಹಿಡದು, ಕಿಟಕಿ ಹೊರಗ ಬಗ್ಗಿ ಏಳೋ ಮಂದೀನ ನೋಡಿ ಹಲ್ಲು ಕಡೀತಿದ್ರ, ಅವರ ಸಲುವಾಗಿ ಇದನ್ನ ಬರಿಯಾಕತ್ತೀನಿ. ನೀವು ಕೆಟ್ಟವರಲ್ಲ. ಇಲ್ಲಾ, ಇದ್ರೂ ಒಬ್ಬರ ಅಲ್ಲ, ನಿಮ್ಮ ಜೋಡಿ ನಾನೂ ಅದೀನಿ.

ನಾ ಗಿರಿಜಾ. ತವರುಮನಿ ಕುಬಿಹಾಳ, ಕೊಟ್ಟದ್ದು ಗುಡಗೇರಿಗೆ. ನಮ್ಮ ಮನಿಯವರು ಮಹಾಂತೇಶ ಅಂತ, ಕಾಳಿನ ವ್ಯಾಪಾರ ಮಾಡ್ತಾರ. ಮನ್ಯಾಗ ನಾವಿಬ್ಬರು, ಅತ್ತಿ, ಮತ್ತ ನಾದಿನಿ ದಾಕ್ಷಾಯಣಿ. ನಾವೆಲ್ಲಾ ದಾಕ್ಷಾ ಅಂತೀವಿ. ಸಾಲಿಯೊಳಗ ನಾ ಕಬಡ್ಡಿ ಆಡಾಕಿ. ಸಂಶಿಯ ಪಿ.ಟಿ. ಸರ್ ಒಂದು ಬ್ಯಾಸಗ್ಯಾಗ ಎಲ್ಲೋ ತರಬೇತಿ ತಗೊಂಡು ಬಂದವರ, ಹಳೇ ಕಬಡ್ಡಿ ಹುಡುಗ್ಯಾರನ್ನೆಲ್ಲಾ ಮೈದಾನಕ್ಕ ಕರದು, ನಮ್ಮ ಕೈಯಾಗ ಸಿಪ್ಪಿ ಸುಲೀಲಾರದ ಟೆಂಗಿನಕಾಯಿಯಂಥ ಒಂದು ಉದ್ದನ್ನ ಚೆಂಡು ಇಟ್ರು. "ಇದು ರಗ್ಬಿ. ಓಡೋದು ಮುಂದಕ್ಕ, ಚೆಂಡು ಕೊಡೋದು ಹಿಂದಕ್ಕ. ಅಡ್ಡ ಬಂದವರನ್ನ ಹಿಡದು ಕೆಡವಬೇಕು" ಅಂದ್ರು. ಕಬಡ್ಡಿ ಆಡಿದವರಿಗೆ ಕೆಡವೋದು ಹೇಳಿಕೊಡಬೇಕೇನ್ರಿ? ಮದುವಿ ಆದವರು, ಆಗದವರು, ಡಿಗ್ರಿ ಓದೋವರು ಎಲ್ಲಾ ಕೂಡಿ ಹದಿನೈದು ಮಂದಿ ತಂಡ ನಿಂತ ಬಿಡ್ತು. ನನ್ನ ಗಂಡ ಬ್ಯಾಡ ಅನ್ನಲಿಲ್ಲ. ಅತ್ತಿ ಬೇಕು ಅನ್ನಲಿಲ್ಲ.

ಅತ್ತಿ ಮಾತು ಏನಂದ್ರ, "ಯಾರ ಮನಿ ಸೊಸಿಯರು ಚಡ್ಡಿ ಹಾಕ್ಕೊಂಡು ಮಣ್ಣಾಗ ಹೊಳ್ಳಾಡ್ತಾರ ಬೇ? ಎಮ್ಮಿ ಹೊಳ್ಳಾಡ್ತಾವ." ನಾ ಅದನ್ನ ಕಿವಿಗೆ ಹಾಕ್ಕೋತಿರಲಿಲ್ಲ. ಮುಂಜಾನಿ ಲಗೂ ರೊಟ್ಟಿ ಬಡದಿಟ್ಟು ಸಂಶಿ ಬಸ್ ಹತ್ತಿಬಿಡ್ತಿದ್ದೆ. ನನ್ನ ಅಂಗಿ ಎಂಟನೇ ನಂಬರಿಂದು. ಎರಡೂ ಕಡಿ ಎಂಟೆಂಟು ಮಂದಿ ಬಗ್ಗಿ ಭುಜಕ್ಕ ಭುಜ ಕೊಟ್ಟು ತಳ್ಳತಾರಲ್ಲ, ಆ ಗುಂಪಿನ ಹಿಂದಿನ ತುದಿಗೆ ನಿಲ್ಲಾಕಿ ಎಂಟನೇದಾಕಿ. ಕಾಲಾಗ ಬಂದ ಚೆಂಡು ಎತ್ತಿಕೊಂಡು ನುಗ್ಗೋದು ಆಕಿ ಕೆಲಸ. ದಾಕ್ಷಾನ ಕೈ ಹಿಡದು ಮೈದಾನಕ್ಕ ಕರಕೊಂಡು ಹೋದಾಕಿನೂ ನಾನ. ಹುಡುಗಿ ಮನ್ಯಾಗ ಮೊಬೈಲ್ ಹಿಡಕೊಂಡು ಬಿದ್ದಿರತಾಳ, ನಾಕು ಹೆಜ್ಜಿ ಓಡಲಿ ಅಂತ ಕರಕೊಂಡು ಹೋದೆ. ಮುಂದ ನನ್ನ ಎದಿ ಮ್ಯಾಲ ಓಡ್ತಾಳ ಅಂತ ಯಾರಿಗೆ ಗೊತ್ತಿತ್ತು.

ಕರ್ನಾಟಕ, ಮಹಾರಾಷ್ಟ್ರ, ಗೋವಾ ಮೂರೂ ಸೀಮಿ ತಂಡಗಳು ಸೇರಿ ಆಡೋ ದೊಡ್ಡ ಕಪ್ ಒಂದೈತಿ. ಅದರಾಗ ಜಾಗಾ ಸಿಗದವರಿಗೆ ಎರಡನೇ ದರ್ಜಿ ಕಪ್ ಇನ್ನೊಂದು. ನಾವು ಅದಕ್ಕ ಸಣ್ಣ ಕಪ್ ಅಂತಿದ್ವಿ. ನನ್ನ ಗಂಡನ ದೋಸ್ತರು ಸಂತಿ ದಿನ ಚಾ ಕುಡಕೋತ "ಏನ್ ಮಹಾಂತೇಶ, ಸೋತವರ ಕಪ್ ಯಾವಾಗ ಐತಿ?" ಅಂತ ನಗತಿದ್ರು. ನಗಲಿ. ಗಡಿ ದಾಟಿ ಸಾಂಗ್ಲಿಗೆ ಹೋಗಿ, ಅವರ ಊರಾಗ ಅವರ ಭಾಷಾದಾಗ ಬೈಸಿಕೊಂಡು, ಅವರನ್ನ ಅವರ ಮಣ್ಣಾಗ ಕೆಡವೋದು ಅಂದ್ರ ಸಣ್ಣ ಮಾತಲ್ಲ. ಸಣ್ಣ ಕಪ್ ಗೆದ್ದವರಿಗೆ ಮುಂದಿನ ವರ್ಷ ದೊಡ್ಡ ಕಪ್ಪಿನಾಗ ಜಾಗಾ. ಆ ಹಂಗಾಮಿಗೆ ಸರ್ ನನ್ನನ್ನ ಕ್ಯಾಪ್ಟನ್ ಮಾಡಿದ್ರು. ನನಗ ಆ ಕಪ್ ಬೇಕಾಗಿತ್ತು. ಬಂಗಾರ ಬೇಡಿಲ್ಲ, ಸೀರಿ ಬೇಡಿಲ್ಲ, ಅದೊಂದು ಬೇಡಿದ್ದೆ.

ಮಳಿಗಾಲದಾಗ ಬೆನ್ನು ನೋಯಾಕ ಹತ್ತಿತು. ಆಟದಾಗ ಪೆಟ್ಟು ಬಿದ್ದೈತಿ ಅಂದೆ ನಾ. ಎಲ್ಲಾರೂ ಅದನ್ನ ಅಂದ್ರು. ಅತ್ತಿ ಇಟ್ಟಂಗಿ ಕಾಯಿಸಿ ಶೇಕ ಕೊಟ್ರು, ಬೇವಿನೆಣ್ಣಿ ತಿಕ್ಕಿದ್ರು. ಸಂಜಿಮುಂದ ಮೈ ಬೆಚ್ಚಗ ಆಗತಿತ್ತು, ಜಂಪರ್ ಸಡ್ಲ ಆಗಿದ್ವು, ರೊಟ್ಟಿ ರುಚಿ ಹತ್ತತಿರಲಿಲ್ಲ. ಅದನ್ನ ಯಾರೂ ಲೆಕ್ಕಕ್ಕ ಹಿಡೀಲಿಲ್ಲ. ನಾನೂ ಹಿಡೀಲಿಲ್ಲ.

ಈಗ ನಮ್ಮ ಕಡಿ ಪದ್ಧತಿ ಒಂದು ಹೇಳಬೇಕು. ಹುಟ್ಟುವಾಗ ತಲಿ ಮುಂದಾಗದ ಕಾಲು ಮುಂದಾಗಿ ಹುಟ್ಟಿದವರು, ಹಿಡಕೊಂಡ ಬೆನ್ನಿಗೆ ತಮ್ಮ ಕಾಲು ತಾಗಿಸಿದ್ರ ಬೆನ್ನು ಬಿಡತೈತಿ ಅಂತ ನಂಬಿಗಿ. ದಾಕ್ಷಾ ಹಂಗ ಹುಟ್ಟಿದಾಕಿ. ಆಕಿ ಸಣ್ಣಾಕಿ ಇದ್ದಾಗಿಂದ ನಮ್ಮ ಕಟ್ಟಿಗೆ ಮಂದಿ ಬರತಿದ್ರು. ಚೀಲ ಹೊರೋ ಹಮಾಲರು, ಕಳೇ ತಗದು ಬೆನ್ನು ಹಿಡಕೊಂಡ ಮುದುಕ್ಯಾರು ಬಂದು ಬಕ್ಕಬಾರಲೆ ಮಲಗತಿದ್ರು. ಈಕಿ ಮೂರು ಸರ್ತಿ ಕಾಲು ಇಟ್ಟು ತಗೀತಿದ್ಲು. ಅವರು ಎದ್ದು ಆಕಿ ಕೈಯಾಗ ಬೆಲ್ಲದ ಹಳ್ಳು ಇಟ್ಟು ಹೋಗತಿದ್ರು. ಅತ್ತಿಗೆ ಆ ಕಾಲಿನ ಮ್ಯಾಲ ಅಗದಿ ಅಭಿಮಾನ. "ಮನ್ಯಾಗ ಔಷಧ ಇಟ್ಟಕೊಂಡು ಹುಬ್ಬಳ್ಳಿಗೆ ಯಾಕ ಹೋಗ್ತಿ?" ಅಂತ ನನ್ನನ್ನ ಪಡಸಾಲ್ಯಾಗ ಕೌದಿ ಹಾಸಿ ಮಲಗಿಸಿದ್ರು.

ದಾಕ್ಷಾ "ವೈನಿ, ಮೆಲ್ಲಕ ಇಡ್ತೀನಿ" ಅಂದ್ಲು. ಮೆಲ್ಲಕ ಇಟ್ಲು. "ಅದೇನ ಹೂ ಇಟ್ಟಂಗ ಇಡ್ತಿ, ಭಾರ ಹಾಕು" ಅಂದ್ರು ಅತ್ತಿ. ಮೂರನೇ ಸರ್ತಿ ಆಕಿ ಭಾರ ಹಾಕಿದ್ಲು. ನಾ ಒದರಿದ್ದು ಕೇಳಿ ಬಾಜು ಮನಿಯವರು ಓಡಿಬಂದ್ರು.

ಆಮ್ಯಾಲ ಸ್ವಲ್ಪ ದಿನದಾಗ ಕಾಲು ಜೋಮು ಹಿಡದಂಗ ಆಗಾಕ ಹತ್ತಿದ್ವು. ಚಪ್ಪಲ್ ಕಳಚಿ ಬಿದ್ದದ್ದು ಗೊತ್ತಾಗತಿರಲಿಲ್ಲ. ಆವಾಗ ನನ್ನ ಗಂಡ ಯಾರ ಮಾತೂ ಕೇಳಲಿಲ್ಲ. ಬಸ್ಸಿನಾಗ ಕುಲಕಾಡತೈತಿ ಅಂತ ಗುಡಗೇರಿ ಸ್ಟೇಶನ್ನಿನಿಂದ ರೈಲಿನಾಗ ಮಲಗಿಸಿಕೊಂಡು ಹುಬ್ಬಳ್ಳಿಗೆ ಒಯ್ದ್ರು.

ದವಾಖಾನಿಯಾಗ ಕಾಯೋದು ಒಂದು ಬ್ಯಾರೇನ ಬ್ಯಾನಿ. ಒಂದು ಕಡಿ ಎಲುವಿನ ಫೋಟೋ ತಗಸು, ಇನ್ನೊಂದು ಕಡಿ ರಕ್ತ ಕೊಡು, ಮತ್ತ ಬಾಕಿನ ಮ್ಯಾಲ ಬಂದು ಕುಂಡರು. ಕುಂಡರಾಕ ಆಗವಲ್ದು, ನಿಂದ್ರಾಕ ಆಗವಲ್ದು. ನವಲಗುಂದ ಕಡಿಯಾಕಿ ಒಬ್ಬಾಕಿ ದೊಡ್ಡ ಹೆಣ್ಣಮಗಳು ತನ್ನ ಗಂಡನ ಸಲುವಾಗಿ ಬಂದು ಕುಂತಿದ್ಲು. ನನ್ನ ಮಾರಿ ನೋಡಿದಾಕಿನ, "ಏಳ್ರಿ, ಏಳ್ರಿ, ಗಟ್ಟಿಮುಟ್ಟ ಇದ್ದವರೆಲ್ಲಾ ಏಳ್ರಿ" ಅಂತ ಬಾಕೆಲ್ಲಾ ಖಾಲಿ ಮಾಡಿಸಿದ್ಲು. ತನ್ನ ಗಂಡನ್ನೂ ಎಬ್ಬಿಸಿಬಿಟ್ಲು, ಪಾಪ. ನನ್ನ ತಲಿ ತನ್ನ ತೊಡಿ ಮ್ಯಾಲ ಇಟ್ಟಕೊಂಡು "ಮಲಕೋ ಮಗಳ. ಹೆಸರು ಕರದ್ರ ನಾ ಎಬ್ಬಸ್ತೀನಿ" ಅಂದ್ಲು. ಆಕಿ ಸೀರಿಗೆ ಬೆಳ್ಳೊಳ್ಳಿ ವಾಸನಿ ಬರತಿತ್ತು. ಅವತ್ತ ನಾ ನಿದ್ದಿ ಮಾಡಿದ್ದು ಅಷ್ಟ.

ಡಾಕ್ಟರ್ ಒಬ್ಬಾಕಿ ನನ್ನ ವಾರಿಗೀ ಹೆಣ್ಣಮಗಳು. "ಬೆನ್ನಿನ ಎಲುವಿನಾಗ ಟಿ.ಬಿ. ಆಗೇತಿರಿ. ಹೆದರಬ್ಯಾಡ್ರಿ, ಗುಳಿಗಿಲೆ ವಾಸಿ ಆಗತೈತಿ. ಭಾಳ ದಿವಸ ತಗೋಬೇಕು, ಒಂದೂ ತಪ್ಪಿಸಬಾರದು. ಸದ್ಯಕ್ಕ ಬೆಲ್ಟ್ ಹಾಕ್ಕೊಂಡು ಮಲಗಬೇಕು" ಅಂದ್ರು. ನನ್ನ ಗಂಡನ ಮಾರಿ ಬೂದಿ ಬಣ್ಣ ಆಗಿತ್ತು. ನಾ ಕೇಳಿದ್ದು ಒಂದ: "ಮ್ಯಾಚಿಗೆ ಮದಲ ಏಳ್ತೀನೇನ್ರಿ?"

"ಯಾವ ಮ್ಯಾಚ್?"

ಹೇಳಿದೆ. ಆಕಿ ಪೆನ್ನು ಕೆಳಗಿಟ್ಟು ನನ್ನ ನೋಡಿದ್ರು. "ಈ ವರ್ಷ ಮರತಬಿಡ್ರಿ."

"ಮುಂದಿನ ವರ್ಷರಿ?"

"ಅದನ್ನ ಆವಾಗ ನೋಡೂಣು."

ಆ "ನೋಡೂಣು" ಅನ್ನೋ ಮಾತು ಹಿಡಕೊಂಡು ನಾ ಮನಿಗೆ ಬಂದೆ. ಒಂದ ವರ್ಷದ ಮಾತು, ಅಂಗಿ ಎಲ್ಲಿ ಹೋಗತೈತಿ, ನನ್ನ ಜಾಗಾ ನನಗ ಐತಿ ಅಂತ.

ಮನಿಗೆ ಬಂದ ದಿವಸ ಅತ್ತಿ ನನ್ನ ತಾಟು, ಗ್ಲಾಸು ಬ್ಯಾರೆ ಮಾಡಿದ್ರು. ಬೆನ್ನಿನ ಕ್ಷಯ ಹಂಗ ಹರಡಂಗಿಲ್ಲ ಅಂತ ಡಾಕ್ಟರ್ ಹೇಳಿದ್ದನ್ನ ನನ್ನ ಗಂಡ ಹೇಳಿದ್ರು. "ಅವರೇನ, ಹೇಳ್ತಾರ" ಅಂದ್ರು ಅತ್ತಿ. ನನ್ನ ಗಂಡ ಜಗಳಾಡಲಿಲ್ಲ. ನಾ ಉಂಡು ಬಿಟ್ಟ ತಾಟಿನಾಗ ತಮಗ ರೊಟ್ಟಿ ಹಾಕಿಸ್ಕೊಂಡು, ಅವ್ವನ ಮುಂದ ಕುಂತು ಉಂಡ್ರು. ಅತ್ತಿ ಮಾರಿ ತಿರುವಿದ್ರು. ಮರುದಿನದಿಂದ ತಾಟು ಕೂಡಿದ್ವು. ನನ್ನ ಗಂಡ ಮಾತು ಕಡಿಮಿ ಮನಷ್ಯಾ, ಅದಕ್ಕ ಈ ಒಂದು ಸಂಗತಿ ಇಲ್ಲೆ ಬರದಿಟ್ಟೀನಿ.

ಇನ್ನ ಅಂಗಿ ಕಥಿ. ಮನಿಮನಿಗೆ ಬಂದು ಗುಳಿಗಿ ಕೊಡೋ ಸರಕಾರದ ಆಶಾ ಅಕ್ಕ ಬಂದು ಹೋದ ಹೊತ್ತಿನಾಗ ದಾಕ್ಷಾ ಬಂದು ಹೊರಸಿನ ಬಾಜು ನಿಂತ್ಲು. ಸೆರಗಿಲ್ಲ, ಇದ್ದಿದ್ರ ತುದಿ ತಿರುವುತಿದ್ಲು, ಹಂಗ ನಿಂತಿದ್ಲು. "ವೈನಿ, ಸರ್ ನನಗ ಎಂಟನೇ ಜಾಗಾದಾಗ ಆಡು ಅಂದಾರ. ಹೊಸಾ ಅಂಗಿ ಹೊಲಸಾಕ ವ್ಯಾಳ್ಯಾ ಇಲ್ಲಂತ."

"ಟ್ರಂಕಿನಾಗ ಐತಿ, ತಗೋ" ಅಂದೆ.

ಆಕಿ ಒಳಗ ಹೋಗಿ ಹಾಕ್ಕೊಂಡು ಬಂದ್ಲು. ದೊಡ್ಡದಾಗಲಿ ದೇವರ, ಇಲ್ಲಾ ಬಿಗಿ ಆಗಲಿ, ಏನಾರ ಒಂದಾಗಲಿ ಅಂತ ಬೇಡಿಕೊಂಡೆ. ಆಕಿ ಅಳತಿ ಕೊಟ್ಟು ಹೊಲಿಸಿದಂಗ ಕುಂತಿತ್ತು. "ಚಲೋ ಕಾಣ್ತಿ" ಅಂದೆ, ಗ್ವಾಡಿ ಕಡಿ ಮಾರಿ ಮಾಡಿ ಮಲಗಿದೆ. ಗಿಡ ಹಚ್ಚಿದಾಕಿ ನಾ, ಹಣ್ಣು ತಿನ್ನಾಕಿ ಆಕಿ.

ಮೊದಲನೇ ಮ್ಯಾಚ್ ಸಾಂಗ್ಲಿಯೊಳಗ. ಹೋಗೋ ಮುಂಜಾನಿ ಅತ್ತಿ ಕಟ್ಟಿದ ಬುತ್ತಿ ನೋಡ್ಬೇಕಿತ್ತು ನೀವು. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ, ಮ್ಯಾಲ ತುಪ್ಪದ ಡಬ್ಬಿ. ನಾ ಹೋಗುವಾಗ ಎಮ್ಮಿ ಹೊಳ್ಳಾಡ್ತಾವ ಅಂದ ಬಾಯಿ, ಮಗಳು ಹೋಗುವಾಗ "ಹೊಟ್ಟಿ ತುಂಬ ಉಂಡು ಆಡಬೇ, ನಮ್ಮ ಊರ ಹೆಸರು ತಗೊಂಡು ಬಾ" ಅಂತು. ಚಡ್ಡಿ ಅದ ಚಡ್ಡಿ, ಮಣ್ಣು ಅದ ಮಣ್ಣು. ಮಗಳು ಹಾಕ್ಕೊಂಡ್ರ ಊರ ಹೆಸರು, ಸೊಸಿ ಹಾಕ್ಕೊಂಡ್ರ ಎಮ್ಮಿ! ನನ್ನ ಎದುರಿಗೇ ಆಕಿ ಹಣಿಗೆ ವಿಭೂತಿ ಹಚ್ಚಿದ್ರು. ಗುಳಿಗಿಯಿಂದ ನನಗ ವಾಂತಿ ಬರೋದಿತ್ತು, ಅವತ್ತ ಯಾವುದರಿಂದ ಬಂತೋ ಶಿವನ ಬಲ್ಲ.

ತಂಡದಾಗಿನ ಯಾರದೋ ಅಣ್ಣ ಸಾಂಗ್ಲಿಯಿಂದ ವಿಡಿಯೋ ಕಾಲ್ ಹಚ್ಚಿ ಮೊಬೈಲಿನಾಗ ಮ್ಯಾಚ್ ತೋರಿಸಿದ. ನಾ ಮಲಕೊಂಡ ನೋಡಿದೆ. ಈ ಆಟದಾಗ ಚೆಂಡು ಹಿಡದಾಕಿ ಬಿದ್ದ ಕೂಡಲೇ ಚೆಂಡು ನೆಲಕ್ಕ ಬಿಡಬೇಕು. ಆವಾಗ ಹಿಂದಿನವರು ಬಂದು, ಬಿದ್ದಾಕಿ ಮ್ಯಾಲಿಂದ ಕಾಲು ದಾಟಿಸಿ, ಎದುರಿನವರನ್ನ ಆಚೀಕ ತಳ್ಳಿ ಚೆಂಡು ಉಳಸ್ಕೋಬೇಕು. ಎಂಟನೇದಾಕಿದು ಅದ ದೊಡ್ಡ ಕೆಲಸ. ದಾಕ್ಷಾ ಓಡ್ತಾಳ, ಓಡ್ತಾಳ, ಬಿದ್ದಾಕಿ ಹತ್ತರ ಬರತಾಳ, ಬಂದು ಪಕ್ಕಕ್ಕ ಹಾರತಾಳ! ಹಾವು ಕಂಡವರು ಹಾರಿದಂಗ. "ದಾಟ ಬೇ, ದಾಟು!" ಅಂತ ಸರ್ ಒದರೋದು ನನಗ ಕೇಳತಿತ್ತು. ಆಕಿ ದಾಟಲಿಲ್ಲ. ಸಾಂಗ್ಲಿಯವರು ಚೆಂಡು ಕಸಗೊಂಡು ಕಸಗೊಂಡು ನಮ್ಮನ್ನ ಬಡದ ಹಾಕಿದ್ರು.

ಖರೇ ಹೇಳ್ತೀನಿ, ಅವತ್ತ ಸಂಜಿಮುಂದ ನಾ ಎರಡು ರೊಟ್ಟಿ ಜಾಸ್ತಿ ಉಂಡೆ. "ಗುಳಿಗಿ ಹತ್ತಿದ್ವು, ನೋಡು" ಅಂತ ನನ್ನ ಗಂಡ ಖುಷಿ ಆದ್ರು.

ಎರಡನೇ ಮ್ಯಾಚ್ ನಮ್ಮ ಸಂಶಿಯೊಳಗ, ಗೋವಾದವರ ಕೂಡ. ಅದನ್ನೂ ಹಂಗ ಸೋತ್ರು. ಮನಿ ಮಂದಿ ಎದುರಿಗೆ ಸೋಲೋದಂದ್ರ ಆಡಿಕೊಳ್ಳೋರ ಮುಂದ ಎಡವಿ ಬಿದ್ದಂಗ. ದಾಕ್ಷಾ ಮೈದಾನ ಎಲ್ಲಾ ಕಲ್ಲು ಇದ್ವು, ಬೂಟು ಜಾರತಿದ್ವು ಅಂದ್ಲು. ನಾ ಬಿಡ್ತೀನೇನು, "ಕುಣಿಯಾಕ ಬರಲಾರದಾಕಿ ಅಂಗಳ ಡೊಂಕು ಅಂದ್ಲಂತ" ಅಂದೆ. ಆಕಿ ಬೂಟು ಮೂಲಿಗೆ ಒಗದು ಒಳಗ ಹೋದ್ಲು. ಇನ್ನೊಂದು ಸೋತ್ರ ಹಂಗಾಮು ಮುಗೀತಿತ್ತು.

ಅದ ವಾರ ಒಬ್ಬ ಹಮಾಲ ಬೆನ್ನು ಹಿಡಕೊಂಡು ನಮ್ಮ ಕಟ್ಟಿಗೆ ಬಂದ. "ತಂಗೀ, ಸ್ವಲ್ಪ ಕಾಲು ತಾಗಸವಾ" ಅಂತ ಬಕ್ಕಬಾರಲೆ ಮಲಗಿದ. ನಾ ಪಡಸಾಲಿ ಹೊರಸಿನ ಮ್ಯಾಲ ಇದ್ದೆ, ಎಲ್ಲಾ ಕಾಣತಿತ್ತು. ದಾಕ್ಷಾ ಹೊಸ್ತಲದಾಗ ನಿಂತ್ಲು, ಮುಂದ ಬರಲಿಲ್ಲ.

"ಏನ್ ನೋಡ್ತಿ? ಪಾಪ, ಚೀಲ ಹೊರೋ ಮನಷ್ಯಾ, ಇಡು" ಅಂದ್ರು ಅತ್ತಿ.

"ನಾ ಇಡಂಗಿಲ್ಲ ಬೇ. ಇನ್ನ ಯಾರ ಬೆನ್ನಿಗೂ ಇಡಂಗಿಲ್ಲ."

"ಯಾಕ? ಕಾಲಿಗೆ ಏನ್ ಬ್ಯಾನಿ ಬಂದೈತಿ?"

"ವೈನಿ ಬೆನ್ನು ಮುರದಾಕಿ ನಾನ! ನೀನ ಭಾರ ಹಾಕು ಅಂದಿ, ನಾ ಹಾಕಿದೆ, ಮುರೀತು. ಮೈದಾನದಾಗ ಯಾರಾದ್ರೂ ಬಿದ್ರ ನನಗ ವೈನೀನ ಕಾಣ್ತಾರ. ಹೆಂಗ ದಾಟಲಿ?"

ಹಮಾಲ ಮೆಲ್ಲಕ ಎದ್ದು, ಟವಲ್ ಜಾಡಿಸಿಕೊಂಡು ಹೋದ.

ಇಂಥಾ ಮಾತು ಕೇಳಿದ್ರ ಯಾರಿಗಾದ್ರೂ ಅಯ್ಯೋ ಅನಸಬೇಕು. ನನಗ ಮದಲ ಅನಿಸಿದ್ದು ಅದಲ್ಲ. ಎಲಾ ಇಕಿನ! ಅಂಗಿ ತಗೊಂಡ್ಲು, ಜಾಗಾ ತಗೊಂಡ್ಲು, ಅವ್ವನ ತುಪ್ಪದ ಡಬ್ಬಿ ತಗೊಂಡ್ಲು, ಈಗ ನನ್ನ ಬ್ಯಾನೀನೂ ತನ್ನದ ಅಂತಾಳಲ್ಲ ಅನಿಸ್ತು. ನನಗ ಉಳದಿದ್ದು ಅದೊಂದ ಇತ್ತು. ಆಮ್ಯಾಲ ಆಕಿ ಹೊಸ್ತಲ ಮ್ಯಾಲ ಕುಂತು, ಎರಡೂ ಪಾದ ಕೈಯಿಂದ ಮುಚ್ಚಿಕೊಂಡಿದ್ದು ನೋಡಿದೆ. ಯಾರಿಗೂ ಕಾಣಬಾರದಂಗ ಮುಚ್ಚಿದ್ಲು. ಆವಾಗ ನನಗ ಕೆಟ್ಟನಿಸಿತು. "ದಾಕ್ಷಾ, ನಾಡದ ನನ್ನ ಜೋಡಿ ಹುಬ್ಬಳ್ಳಿಗೆ ಬರಬೇಕು ನೀ" ಅಂದೆ.

ಹೋದ್ವಿ. ಡಾಕ್ಟರ್ ಮುಂದ ಆಕಿನ ನಿಲ್ಲಿಸಿ "ಇಕಿ ನನ್ನ ಬೆನ್ನಿಗೆ ಕಾಲಿಟ್ಟಾಕಿರಿ. ನನ್ನ ಬ್ಯಾನಿ ಇಕಿಯಿಂದ ಬಂತೇನು ಹೇಳ್ರಿ" ಅಂದೆ. ಡಾಕ್ಟರ್ ಗಾಬರಿ ಆದ್ರು. ಕಥಿ ಎಲ್ಲಾ ಕೇಳಿ, ಹಳೇ ಫೋಟೋ ದೀಪಕ್ಕ ಹಿಡದು ದಾಕ್ಷಾಗ ತೋರಿಸಿದ್ರು. "ನೋಡವಾ, ಈ ರೋಗ ನೀ ಕಾಲಿಡೋಕಿಂತ ತಿಂಗಳಗಟ್ಟಲೆ ಮದಲ ಇಲ್ಲೆ ಬಂದು ಕುಂತಿತ್ತು. ಎಲುವು ತಿಂದು ಪೊಳ್ಳು ಮಾಡಿತ್ತು. ನೀ ಕಾಲಿಡದಿದ್ರೂ ಇದ ಆಗತಿತ್ತು. ನಿನ್ನಿಂದ ಬಂದಿದ್ದಲ್ಲ. ಆದ್ರ ಇನ್ನ ಮ್ಯಾಲ ಯಾರ ಬೆನ್ನಿನ ಮ್ಯಾಲೂ ಕಾಲಿಡಬ್ಯಾಡ, ತಿಳೀತಿಲ್ಲೋ?"

"ಅಯ್ಯ, ಹಂಗ ಹೇಳಬ್ಯಾಡ್ರಿ! ಮೈದಾನದಾಗ ಬಿದ್ದವರನ್ನ ದಾಟು ಅಂತ ಹೇಳ್ರಿ" ಅಂದೆ ನಾ.

ಡಾಕ್ಟರಿಗೆ ತಲಿ ಬುಡ ತಿಳೀಲಿಲ್ಲ. "ದಾಟು, ತುಳೀಬ್ಯಾಡ" ಅಂದ್ರು. ದಾಕ್ಷಾ ಬಿಕ್ಕಿಬಿಕ್ಕಿ ಅಳಾಕ ಹತ್ತಿದ್ಲು. ಅತ್ತಕೋತ ನಗತಿದ್ಲು.

ಆಮ್ಯಾಲ ನನ್ನ ಹೊಸಾ ಫೋಟೋ ತಗದು ನೋಡಿದ್ರು. "ಭಾಳ ಚಲೋ ಐತಿ. ಎಲುವು ಕೂಡಾಕತ್ತಾವ. ಸ್ವಲ್ಪ ಬಾಗಿ ಕೂಡ್ಯಾವ, ಅದೇನ ತ್ರಾಸಿಲ್ಲ. ಮುಂದ ನೀವು ನಡೀರಿ, ಹೊಲಕ್ಕ ಹೋಗ್ರಿ, ಮಕ್ಕಳನ್ನ ಹಡೀರಿ, ಎಲ್ಲಾ ಮಾಡ್ರಿ."

"ಆಟರಿ?"

ಡಾಕ್ಟರ್ ಫೋಟೋ ಲಕೋಟಿಯೊಳಗ ಹಾಕಿದ್ರು. "ಆ ಆಟ ಬ್ಯಾಡ್ರಿ ಗಿರಿಜಾ. ಇನ್ನ ಯಾವತ್ತೂ ಬ್ಯಾಡ. ಒಂದು ಹೊಡತ ಬಿದ್ರ ಕಾಲು ಹೋಗತಾವ."

ಬಾಗಲದಾಗ ದಾಕ್ಷಾ ತಪ್ಪಿನಿಂದ ಬಿಡುಗಡಿ ಆಗಿ ಕಣ್ಣು ಒರಸ್ಕೋತಿದ್ಲು, ನಾ ಬೆಲ್ಟ್ ಬಿಗಿ ಮಾಡ್ಕೋತಿದ್ದೆ. ಒಂದ ಖೋಲಿ, ಅದ ಡಾಕ್ಟರ್. ತಿರುಗಿ ಬರುವಾಗ ರೈಲಿನಾಗ ದಾಕ್ಷಾ ಶೇಂಗಾ ತಗೊಂಡು ಬಂದ್ಲು. ಎಷ್ಟೋ ದಿವಸದ ಮ್ಯಾಲ ಹಸಿವಿ ಆಗಿತ್ತಂತ. ಕುಟುಕುಟು ಸುಲದು ತಿನ್ನಾಕತ್ತಿದ್ಲು. ಇಕಿನ ಬಾಗಲದಿಂದ ಹೊರಗ ದಬ್ಬಲೇನು ಅಂತ ನನ್ನ ಮನಸಿಗೆ ಬಂದಿತ್ತು. ದಬ್ಬಲಿಲ್ಲ. ಆಕಿ ಸುಲದು ಕೊಟ್ಟ ಶೇಂಗಾ ತಿಂದೆ. ಎದಿ ಒಳಗ ಮಾತ್ರ ಬೆಂಕಿ ಬಿದ್ದಿತ್ತು. ಆಟ ಹೋದದ್ದಕ್ಕ ಅಳಬೇಕೋ, ಆಕಿಗೆ ಉಳದಿದ್ದಕ್ಕ ಅಳಬೇಕೋ ತಿಳೀಲಿಲ್ಲ.

ಆಮ್ಯಾಲ ಆಕಿ ದಾಟಿದ್ಲು ನೋಡ್ರಿ. ಬಿದ್ದವರ ಮ್ಯಾಲಿಂದ ಹೊಳಿ ದಾಟಿದಂಗ ದಾಟಿ, ಎದುರಿನವರನ್ನ ದಬ್ಬಿಕೊಂಡು ಹೋದ್ಲು. ಗೋವಾಕ್ಕ ಹೋಗಿ ಗೆದ್ದು ಬಂದ್ರು. ಸಾಂಗ್ಲಿಯವರನ್ನ ಸಂಶಿಯೊಳಗ ಮಣ್ಣು ಮುಕ್ಕಿಸಿದ್ರು. ಸೆಮಿಫೈನಲ್ಲಿಗೆ ನಾ ಬೆಲ್ಟ್ ಹಾಕ್ಕೊಂಡು, ಕುರ್ಚಿ ಮ್ಯಾಲ ಕುಂತು ನೋಡಿದೆ. ಮನ್ಯಾಗ ಇದ್ದು ಕೇಳೋದಕ್ಕಿಂತ ಅಲ್ಲೆ ಕುಂತು ಉರಿಯೋದು ವಾಸಿ ಅಂತ ಹೋಗಿದ್ದೆ. ಮಂದಿ "ದಾಕ್ಷಾ, ದಾಕ್ಷಾ" ಅಂತ ಒದರತಿದ್ರು. ಹಿಂದಿನ ವರ್ಷ ಅದ ಮಂದಿ "ಗಿರಿಜಾ" ಅಂತ ಒದರಿದ್ರು. ಒಬ್ಬ ಮುದುಕ ನನ್ನ ಬಾಜು ನಿಂತು "ಆ ಎಂಟನೇ ನಂಬರಿನ ಹುಡುಗಿ ಹುಟ್ಟಿದ್ದ ಈ ಆಟಕ್ಕ" ಅಂದ. ಕುರ್ಚಿ ಎತ್ತಿ ಅವನ ಮ್ಯಾಲ ಹಾಕ್ತಿದ್ದೆ, ಭಾರ ಎತ್ತಬಾರದು ಅಂತ ಡಾಕ್ಟರ್ ಹೇಳಿದ್ರು, ಅದಕ್ಕ ಸುಮ್ಮನಾದೆ.

ಫೈನಲ್ ಗಡಿ ಆಚೆ, ಕೊಲ್ಲಾಪುರದಾಗ. ನನ್ನ ಗಂಡ ಬಾಡಿಗಿ ಗಾಡಿ ಹಿಂದಿನ ಸೀಟಿನಾಗ ಗಾದಿ ಹಾಸಿ ನನ್ನ ಮಲಗಿಸಿದ್ರು. ಅತ್ತಿನೂ ಬಂದ್ರು, ಬುತ್ತಿ ಗಂಟು ತೊಡಿ ಮ್ಯಾಲ ಇಟ್ಟಕೊಂಡು. ಎದುರಿನ ತಂಡದವರು ಅಲ್ಲೀವರ, ಕುಸ್ತಿ ಊರಿನ ಹುಡುಗ್ಯಾರು, ಒಬ್ಬೊಬ್ಬಾಕಿ ಭುಜ ಬಾಗಲಾ ಇದ್ದಂಗ. ಆಟ ಮುಗಿಯಾಕ ಬಂದಿತ್ತು, ಅವರು ಸ್ವಲ್ಪ ಮುಂದ ಇದ್ರು. ನಮ್ಮವರು ಗೆರಿ ಹತ್ತರ ಗುಂಪು ಕಟ್ಟಿ ತಳ್ಳಿದ್ರು. ದಾಕ್ಷಾನ ಕಾಲಾಗ ಚೆಂಡು ಬಂತು. ಆಕಿ ಎತ್ತಿಕೊಂಡು ಓಡಿದ್ಲು. ಗೆರಿ ನಾಕು ಮಾರು ದೂರ. ಎದುರಿಗೆ ಇಬ್ಬರು, ಇಬ್ಬರೂ ಅಗದಿ ಗಟ್ಟಿ.

ನಾ ಕುರ್ಚಿಯಿಂದ ಎದ್ದಬಿಟ್ಟೆ. "ನುಗ್ಗ ಬೇ! ಭುಜ ಕೊಟ್ಟು ನುಗ್ಗು!" ಅಂತ ಒದರಿದೆ. ಬೆಲ್ಟ್ ಬಿಗದಿದ್ರೂ ನನ್ನ ಬಲಗಡಿ ಭುಜ ತಾನ ಕೆಳಗಿಳೀತು. ಆ ಚೆಂಡು ನನ್ನ ಕೈಯಾಗ ಇತ್ತು. ಖರೇನ, ಆ ಕ್ಷಣದಾಗ ನಾ ಅದನ್ನ ಎದಿಗೆ ಅವಚಿಕೊಂಡು ಆ ಇಬ್ಬರ ನಡುವ ನುಗ್ಗಿದ್ದೆ.

ದಾಕ್ಷಾ ನುಗ್ಗಲಿಲ್ಲ. ನುಗ್ಗೋ ಹಂಗ ಭುಜ ತಗ್ಗಿಸಿದ್ಲು, ಇಬ್ಬರೂ ಆಕಿ ಮ್ಯಾಲ ಬಂದ್ರು. ಬಂದ ಕೂಡಲೇ ನೋಡದ ಎಡಗಡಿ ಹಿಂದಕ್ಕ ಚೆಂಡು ಬಿಟ್ಲು. ಅಲ್ಲೆ ನಮ್ಮ ತಂಡದ ಎಲ್ಲಾರಕಿಂತ ಸಣ್ಣಾಕಿ ರೂಪಾ ಓಡಿ ಬರಾಕತ್ತಿದ್ಲು, ಆಕಿ ಎದುರಿಗೆ ಒಂದು ನರಪಿಳ್ಳಿನೂ ಇರಲಿಲ್ಲ. ರೂಪಾ ಹೋಗಿ ಗೆರಿ ಆಚೆ ಚೆಂಡು ನೆಲಕ್ಕ ಒತ್ತಿದ್ಲು. ದಾಕ್ಷಾ ಆ ಇಬ್ಬರ ಕೆಳಗ ಬಿದ್ದಿದ್ಲು, ಗೆದ್ದದ್ದು ಆಕಿಗೆ ಕಾಣಲೂ ಇಲ್ಲ.

ಎಲ್ಲಾರೂ ಕುಣದ್ರು. ಅತ್ತಿ ಬುತ್ತಿ ಗಂಟು ಕೆಳಗಿಟ್ಟು ಕುಣದ್ರು. ನಾ ಮತ್ತ ಕುರ್ಚಿ ಮ್ಯಾಲ ಕುಂತೆ. ನನ್ನ ಮನಸಿನಾಗ ಇನ್ನೂ ನನ್ನ ಆಟ ನಡದಿತ್ತು. ಆ ಇಬ್ಬರು ನನ್ನ ಹಿಡದಿದ್ರು, ಎತ್ತಿ ಹಿಂದಕ್ಕ ಒಯ್ದಿದ್ರು, ಚೆಂಡು ಕಸಗೊಂಡಿದ್ರು, ಸೀಟಿ ಊದಿತ್ತು. ಎಷ್ಟು ಸಲ ಆಡಿ ನೋಡಿದ್ರೂ ಹಂಗ ಆತು.

ಬರುವಾಗ ನಿಪ್ಪಾಣಿ ಹತ್ತರ ಗಿಡದ ನೆರಳಾಗ ಗಾಡಿ ನಿಲ್ಲಿಸಿ ಉಣ್ಣಾಕ ಕುಂತ್ವಿ. ಕಪ್ ನಡುವ ಇತ್ತು, ಅದರಾಗ ಯಾರೋ ಉಳ್ಳಾಗಡ್ಡಿ ಹೆಚ್ಚಿ ಹಾಕಿದ್ರು. ನಾ ಉಣ್ಣದ ಕುಂತದ್ದು ನೋಡಿ ಸರ್ ಏನೋ ಸಮಾಧಾನ ಹೇಳಾಕ ಬಂದ್ರು. ಅವರಕಿಂತ ಮದಲ ಅತ್ತಿ ನನ್ನ ಕೈಯಾಗ ಹೋಳಿಗಿ ಇಟ್ರು, ಕೇಳದ ತುಪ್ಪಾ ಹಾಕಿದ್ರು. "ಮನಸಿಗೆ ಹಚ್ಚಿಕೋಬ್ಯಾಡ ಗಿರಿಜಾ. ನೀ ಆಡಿದ್ರ ಇದರಕಿಂತ ಲಗೂ ಗೆಲ್ಲತಿದ್ರು" ಅಂದ್ರು. ಆಕಿ ಬಾಯಿಂದ ನನ್ನ ಆಟದ ಬಗ್ಗೆ ಬಂದ ಒಂದ ಒಳ್ಳೇ ಮಾತು ಅದು. ಅದನ್ನ ತಗೊಂಡು ಸುಮ್ಮನ ಉಣ್ಣಬಹುದಾಗಿತ್ತು.

"ಇಲ್ಲರೀ ಅತ್ತಿ. ನಾ ಇದ್ದಿದ್ರ ಸೋಲ್ತಿದ್ವಿ" ಅಂದೆ.

ದಾಕ್ಷಾನ ಹುಬ್ಬಿನ ಮ್ಯಾಲ ಪಟ್ಟಿ ಹಾಕಿದ್ರು, ಬಾಯಿ ತುಂಬ ರೊಟ್ಟಿ ಇತ್ತು. ಆಕಿ ಅದನ್ನ ನುಂಗಿ, ಯಾವ ಕೆಟ್ಟತನಾನೂ ಇಲ್ಲದ, ಹೊತ್ತು ಎಷ್ಟಾತು ಅಂದ್ರ ಹೇಳಿದಂಗ ಹೇಳಿದ್ಲು:

"ಹೌದ್ರಿ ವೈನಿ. ನೀವು ರೂಪಾಗ ಚೆಂಡು ಕೊಡ್ತಿರಲಿಲ್ಲ."

ಹೊಟ್ಟಿ ಉರೀತು. ಆದ್ರ ಹುಡುಗಿ ಹೇಳಿದ್ದು ಖರೇ. ರೂಪಾಗ ಅಷ್ಟ ಅಲ್ಲ, ನಾ ಯಾರಿಗೂ ಕೊಡಾಕಿ ಅಲ್ಲ. ಬ್ಯಾನಿ ಬಂದು ಕಸಗೋಬೇಕಾತು.